ಕೋಡಿ ಕಡೆ ಅಂದ ಮಾತು

ಶನಿವಾರದ ಬೆಳಿಗ್ಗೆ ಹೊಳವನಹಳ್ಳಿಯಲ್ಲಿ ಬಸ್ಸಿಳಿದು, ಹೊಲದ ಬದುಗಳ ಮೇಲೆ ಸಾಲುಗಟ್ಟಿ ಕಾಲೋನಿಯತ್ತ ಬರುತ್ತಿದ್ದ ಹುಡುಗ ಹುಡುಗಿಯರನ್ನು ಮೊದಲು ಕಂಡವಳು ಚಿಕ್ಕಹನುಮಕ್ಕ. ರಾಗಿ ಕೊಯ್ಲಿಗೆ ಹೊರಟಿದ್ದವಳು ಕುಡುಗೋಲು ಹಿಡಿದುಕೊಂಡೇ ದಾರಿಯಲ್ಲಿ ನಿಂತಳು. ಜೀಪಿನಲ್ಲಿ ಬರುವವರನ್ನು ಅವಳು ಬಲ್ಲಳು. ಓಟು ಕೇಳುವವರು, ಸಂಘದ ಕಂತು ಕೇಳುವವರು, ಕೋಳಿ ದನಕ್ಕೆ ಸೂಜಿ ಹಾಕುವವರು. ಅವರು ಬರುವುದು ಯಾಕೆ ಅಂತ ದೂಳು ಏಳುವಾಗಲೇ ಗೊತ್ತಾಗುತ್ತದೆ. ನಡೆದುಕೊಂಡು, ನಗುತ್ತಾ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬರುವವರನ್ನು ಅವಳು ಕಂಡಿರಲಿಲ್ಲ.

ಮುಂದೆ ಬರುತ್ತಿದ್ದ ಹತ್ತಿ ಸೀರೆಯ ಹೆಂಗಸು ಕೈಮುಗಿದಳು. "ನಮಸ್ಕಾರ ಅಮ್ಮ. ನನ್ನ ಹೆಸರು ಗಂಗಾಂಬಿಕಾ. ಡಿಗ್ರಿ ಕಾಲೇಜಲ್ಲಿ ಸಮಾಜಶಾಸ್ತ್ರ ಪಾಠ ಮಾಡ್ತೀನಿ. ಇವರೆಲ್ಲ ನಮ್ಮ ಮಕ್ಕಳು. ಬರೀ ಪುಸ್ತಕ ಓದಿದ್ರೆ ಸಾಲದು, ಊರಿಗೆ ಹೋಗಿ ಜನರ ಜೊತೆ ಕೆಲಸ ಮಾಡಿ ಕಲೀಬೇಕು ಅಂತ ಈ ವರ್ಷದಿಂದ ಯೂನಿವರ್ಸಿಟಿಯವರು ಕೋರ್ಸಲ್ಲೇ ಸೇರಿಸಿದಾರೆ. ಪರೀಕ್ಷೆ ಬರೋವರೆಗೂ ಶನಿವಾರ ಶನಿವಾರ ಬರ್ತೀವಿ."

"ಏನ್ ಕಲಿಯಾಕೆ?"

"ನಿಮ್ಮ ಬದುಕು ಹೆಂಗಿದೆ ಅಂತ."

"ಇದ್ನ ಕಲಿಯಾದು ಬ್ಯಾಡ ಅಂತ್ಲೇ ಅಲ್ವಾ ನಾವು ಮಕ್ಕಳ್ನ ಇಸ್ಕೂಲಿಗೆ ಕಳ್ಸದು?"

ಹುಡುಗರು ನಕ್ಕರು. ಒಬ್ಬ ಹುಡುಗ ತಿಳಿಹೇಳುವವನಂತೆ, "ಇದಕ್ಕೆ ಮಾರ್ಕ್ಸ್ ಇದೆ ಅಮ್ಮ" ಅಂದ.

"ಮಾರ್ಕ್ಸು ನಿಮ್ಗೆ. ನಮ್ಗೇನು?"

ಮೇಡಂ, "ಅದನ್ನ ನೀವೇ ಹೇಳ್ಬೇಕು" ಅಂದಳು. ಆ ಮಾತು ಚಿಕ್ಕಹನುಮಕ್ಕನಿಗೆ ಹಿಡಿಸಲಿಲ್ಲ. ಕೈ ಬೀಸಿಕೊಂಡು ಬಂದವರು 'ನಿಮಗೇನು ಬೇಕು ಹೇಳಿ' ಅಂದರೆ, ಅವರಿಗೆ ಬೇಕಾದ್ದು ಬೇರೆ ಏನೋ ಇದೆ ಅಂತಲೇ ಅರ್ಥ.

ಅಂದು ಕೊಯ್ಲಿನ ನಡುವೆಯೇ ಅವಳು ಪಾವಗಡದ ಕಡೆ ಕೊಟ್ಟಿದ್ದ ಅಕ್ಕ ಪಟಾಲಮ್ಮನಿಗೆ ಫೋನು ಹಚ್ಚಿದಳು. ಪಟಾಲಮ್ಮ ಕೂಲಿಗೆ ಹೋಗುತ್ತಿದ್ದ ಹೊಲಗಳೆಲ್ಲ ಈಗ ಸೋಲಾರ್ ಹಲಗೆಗಳ ಕೆಳಗಿವೆ. ಹೊಲದ ಗೌಡರಿಗೆ ವರ್ಷವರ್ಷ ಗುತ್ತಿಗೆ ಬರುತ್ತದೆ, ಅವಳಿಗೆ ಕಳೆ ಕೀಳುವ ಕೆಲಸ ಹೋಯಿತು.

"ನಮ್ಮೂರಿಗೂ ಮೊದ್ಲು ಇಂಗೇ ಇಬ್ರು ಬಂದಿದ್ರು ಕಣಮ್ಮಿ" ಅಂದಳು ಪಟಾಲಮ್ಮ. "ಮಜ್ಜಿಗೆ ಇಸ್ಕೊಂಡು ಕುಡುದ್ರು. ನಿಮ್ ಕಷ್ಟ ಸುಖ ಹೇಳಿ ಅಂದ್ರು. ಎಷ್ಟು ಚೆಂದಾಗಿ ಮಾತಾಡುದ್ರು ಅಂತೀಯಾ! ಒಂದ್ ಮಳೆ ಕಳಿಯೋವಷ್ಟ್ರಾಗೆ ಕಲ್ಲು ನೆಟ್ಟಿದ್ರು. ಬಾಯ್ ಬುಡಬ್ಯಾಡ ನೀನು."

ಬಾಯಿ ಬಿಡಬಾರದು ಅನ್ನುವುದಕ್ಕೆ ಚಿಕ್ಕಹನುಮಕ್ಕನಿಗೆ ಅವಳದೇ ಒಂದು ಕಾರಣವಿತ್ತು. ಕಾಲೋನಿಯ ಬೆನ್ನಿಗೆ ಒಂದು ಬೋಳು ಕಲ್ಲಿನ ಸಣ್ಣ ಗುಡ್ಡ, ಬೋರೆ ಅನ್ನುತ್ತಾರೆ. ಅದರ ಅಡಿಯಲ್ಲಿ ಕಳ್ಳಿ, ಲಂಟಾನ ಬೆಳೆದ ಅಗಲವಾದ ಜಾಗ. ಕಾಲೋನಿಯವರು ಸತ್ತವರನ್ನು ಮಣ್ಣು ಮಾಡುತ್ತಿದ್ದುದು ಅಲ್ಲಿ. ಅವಳ ಅತ್ತೆ ಮಾವ, ಕಣ್ಣು ತೆರೆಯುವ ಮೊದಲೇ ಹೋದ ಅವಳ ಚೊಚ್ಚಲು, ಮೊನ್ನೆ ಮೊನ್ನೆ ಎಂಬಂತೆ ಹೋದ ಗಂಡ ದೊಡ್ಡಹನುಮಯ್ಯ, ಎಲ್ಲರೂ ಅಲ್ಲೇ. ತಲೆಯ ಕಡೆಗೊಂದು ಕಾಡುಗಲ್ಲು, ಅಷ್ಟೇ ಗುರುತು. ಸರ್ಕಾರದ ಲೆಕ್ಕದಲ್ಲಿ ಅದು ಗೋಮಾಳ. ಸ್ಮಶಾನ ಅಂತ ಯಾವ ಕಾಗದದಲ್ಲೂ ಇಲ್ಲ. 'ಕೇಳಕ್ಕೋದ್ರೆ ಕಿತ್ಕೊಂತಾರೆ, ಸುಮ್ಕಿದ್ರೆ ಯಾರ್ಗೂ ಗೊತ್ತಾಗಾಕಿಲ್ಲ' ಎಂದು ಹಿರಿಯರು ಹೇಳಿದ್ದರು. ಹಾಗೆ ಸುಮ್ಮನಿದ್ದೇ ತಲೆಮಾರುಗಳು ಕಳೆದಿದ್ದವು.

ಈಗ ಬೋರೆಯ ಆಚೆ ಮಗ್ಗುಲಲ್ಲಿ ಜಲ್ಲಿ ಕ್ರಷರ್ ಬಂದಿತ್ತು. ಅದರ ಯಜಮಾನ ಜಯಣ್ಣ, ಮಧುಗಿರಿಯವನು. ಆ ಮಗ್ಗುಲ ಕಲ್ಲು ತೀರುತ್ತಾ ಬಂದಿದೆ, ಈಚೆ ಮಗ್ಗುಲಿಗೂ ಅರ್ಜಿ ಹಾಕುತ್ತಾನಂತೆ ಎಂಬ ಸುದ್ದಿ ಹೊಳವನಹಳ್ಳಿಯ ಟೀ ಅಂಗಡಿಯಿಂದ ಕಾಲೋನಿಗೆ ಬಂದು ಎಷ್ಟೋ ದಿನವಾಗಿತ್ತು. ಅಂಥ ಹೊತ್ತಿನಲ್ಲೇ ಈ ಕಾಲೇಜಿನವರು ಬರಬೇಕೇ?

ಮುಂದಿನ ಶನಿವಾರ ಸಮುದಾಯ ಭವನದ ಮುಂದೆ ನೆಲ ಗುಡಿಸಿ ಊರಿನ ನಕ್ಷೆ ಬಿಡಿಸುವ ಕೆಲಸ ಶುರುವಾಯಿತು. ಕಾಗದದ ಮೇಲಲ್ಲ, ನೆಲದ ಮೇಲೆ. ರಂಗೋಲಿ ಪುಡಿಯಲ್ಲಿ ದಾರಿ, ಇಟ್ಟಿಗೆ ಪುಡಿಯಲ್ಲಿ ಮನೆ, ಹಸಿ ಸೊಪ್ಪಿನಲ್ಲಿ ಹೊಲ. ಕಾಲೋನಿಯ ಹೆಂಗಸರು ಮೊದಲು ಸೆರಗು ಬಾಯಿಗಿಟ್ಟು ನೋಡುತ್ತಿದ್ದರು. ಆಮೇಲೆ ಒಬ್ಬಳು, "ಅಯ್ಯೋ, ನಮ್ಮನೆ ಅಲ್ಲಿಲ್ಲ ಕಣಪ್ಪ" ಎಂದು ಪುಡಿ ಕಿತ್ತುಕೊಂಡಳು. ಇನ್ನೊಬ್ಬಳು ಬೋರ್‌ವೆಲ್ ಬರೆದಳು. ಚಿಕ್ಕಹನುಮಕ್ಕ ಮೂಲೆಯಲ್ಲಿ ನಿಂತು ನೋಡುತ್ತಿದ್ದವಳು, ಭವನದೊಳಗಿನ ಬುದ್ಧನ ಪಟದ ಮುಖ ಯಾವ ದಿಕ್ಕಿಗಿದೆ ಅನ್ನುವುದನ್ನೇ ಅವರು ತಪ್ಪು ಬರೆದಾಗ ತಡೆಯಲಾರದೆ ಬಂದು ತಿದ್ದಿದಳು.

ಆಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ತೆಳ್ಳನೆಯ ಹುಡುಗಿ ಕೇಳಿದಳು. "ನಿಮ್ಮೋರು ತೀರ್ಕೊಂಡ್ರೆ ಎಲ್ಲಿ ಮಣ್ಣು ಮಾಡ್ತೀರಮ್ಮ?"

ಎಲ್ಲರ ಕಣ್ಣೂ ಚಿಕ್ಕಹನುಮಕ್ಕನ ಕಡೆ ತಿರುಗಿತು. ಅವಳ ಮೈದುನ ಕದಿರಯ್ಯ ಬಾಯಿ ತೆರೆದಿದ್ದ. ಅವನಿಗಿಂತ ಮುಂಚೆ ಅವಳೇ ಹೇಳಿದಳು.

"ಕೋಡಿ ಕಡೆ. ಕೆರೆ ಕೋಡಿ ಪಕ್ಕ."

"ಹಂಗಾದ್ರೆ ಈ ಬೋರೆ ಕೆಳಗೆ?"

"ಅಲ್ಲೇನೈತೆ? ಕಲ್ಲು, ಕಳ್ಳಿ. ಖಾಲಿ ಜಾಗ."

ಹುಡುಗಿ ಕೆರೆ ಕೋಡಿಯ ಪಕ್ಕ ಒಂದು ಹಿಡಿ ಬೂದಿ ಸುರಿದಳು. ಬೋರೆಯ ಅಡಿಯನ್ನು ಹಾಗೇ ಬಿಟ್ಟಳು. ಒಬ್ಬ ಹುಡುಗ ಕಟ್ಟೆಯ ಮೇಲೆ ಹತ್ತಿ ಇಡೀ ನಕ್ಷೆಯ ಫೋಟೋ ತೆಗೆದ.

ಅವರು ಹೋದ ಮೇಲೆ ಕದಿರಯ್ಯ ಅತ್ತಿಗೆಯ ಬಳಿ ಬಂದ. "ಯಾಕಂಗಂದೆ ಅತ್ಗೆ? ನಿಜ ಹೇಳಿದ್ರೆ ನಾಲ್ಕು ಜನಕ್ಕೆ ಗೊತ್ತಾಗ್ತಿತ್ತು. ರೆಕಾರ್ಡಿಗಾದ್ರೂ ಬರ್ತಿತ್ತು."

"ರೆಕಾರ್ಡು ಬರಿಯೋರು ಯಾರ್ಲಾ? ನೀನಾ, ನಾನಾ? ಬೋರೆ ಕೆಳಗೆ ಅಂದಿದ್ರೆ ನಾಳೀಕೆ ಅದು ಜಯಣ್ಣನ ಕಿವೀಗೋಗ್ತಿತ್ತು."

"ಇವ್ರಿಗೂ ಅವ್ನಿಗೂ ಏನ್ ಸಂಬಂಧ?"

"ಅದೇ ಗೊತ್ತಿಲ್ವಲ್ಲ. ಅದ್ಕೇ."

ಆ ತೆಳ್ಳನೆಯ ಹುಡುಗಿಯ ಹೆಸರು ಶಶಿರೇಖಾ. ಪಾವಗಡ ತಾಲ್ಲೂಕಿನವಳು, ನಾಯಕರ ಹುಡುಗಿ, ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಮನೆಯವರ ಜೊತೆ ಕೆಲಸ ಮಾಡಬೇಕೆಂದು ಮೇಡಂ ಹಂಚಿದಾಗ ಅವಳು ಚಿಕ್ಕಹನುಮಕ್ಕನ ಪಾಲಿಗೆ ಬಂದಳು. ಕೆಲಸಕ್ಕೆ ಹೆದರುವ ಹುಡುಗಿಯಲ್ಲ. ರಾಗಿ ಕಟ್ಟು ಹೊತ್ತಳು, ಅವರೆ ಬಿಡಿಸಿದಳು, ಕಣದಲ್ಲಿ ತೂರುವಾಗ ಕಣ್ಣಿಗೆ ಹೊಟ್ಟು ಬಿದ್ದರೂ ಉಸಿರೆತ್ತಲಿಲ್ಲ. ಆದರೆ ಬಾಯಿ ಮಾತ್ರ ಸುಮ್ಮನಿರದು. ಈ ಹೊಲ ಯಾರದು, ಆ ಬಾವಿಗೆ ಮೊದಲು ನಿಮ್ಮನ್ನು ಬಿಡುತ್ತಿದ್ದರೇ, ನೀವು ಬೌದ್ಧರಾದಾಗ ಮೇಲ್ಜಾತಿಯವರು ಏನೆಂದರು. ಕೇಳಿದ್ದಕ್ಕೆಲ್ಲ ಚಿಕ್ಕಹನುಮಕ್ಕ ಒಂದಕ್ಕೆ ನಿಜ, ಒಂದಕ್ಕೆ ಸುಳ್ಳು, ಒಂದಕ್ಕೆ 'ಏನೋ ಕಣಮ್ಮ' ಎನ್ನುತ್ತಾ ಬಂದಳು.

ಮೊದಲ ಸಲ ಮುದ್ದೆ ಬಡಿಸಿದಾಗ ಹುಡುಗಿಯ ಕೈ ಒಂದು ಗಳಿಗೆ ತಟ್ಟೆಯ ಮೇಲೆ ನಿಂತಿತ್ತು. ಚಿಕ್ಕಹನುಮಕ್ಕ ಅದನ್ನು ನೋಡಿದಳು. ಮುಂದಿನ ವಾರ ಹುಡುಗಿ ತಾನಾಗಿಯೇ ಒಲೆಯ ಮುಂದೆ ಕೂತು, "ಸಾರು ಇನ್ನೊಂಚೂರು ಹಾಕಮ್ಮ, ಬಾಗುಂದಿ" ಎಂದು ತಟ್ಟೆ ಒಡ್ಡಿದಳು. ಅವಳಿಗೆ ಖುಷಿಯಾದಾಗಲೂ ಬೇಜಾರಾದಾಗಲೂ ತೆಲುಗು ನುಸುಳುತ್ತಿತ್ತು. ಚಿಕ್ಕಹನುಮಕ್ಕನಿಗೆ ಒಳಗೊಳಗೇ ಸಂತೋಷವಾಯಿತು. ಆದರೆ ತಟ್ಟೆ ತೊಳೆಯುವಾಗ ಬೇರೊಂದು ಯೋಚನೆ ಬಂತು. ಉಂಡಿದ್ದೂ ಮಾರ್ಕ್ಸಿಗೇ ಇರಬಹುದೇ?

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಸಂಜೆ ಅವಳು ಹೊಳವನಹಳ್ಳಿ ಅಂಗಡಿಗೆ ಎಣ್ಣೆ ತರಲು ಹೋದಾಗ, ಬಸ್‌ಸ್ಟಾಪಿನ ಟೀ ಅಂಗಡಿಯ ಮುಂದೆ ಜಯಣ್ಣನ ಬಿಳಿ ಕಾರು ನಿಂತಿತ್ತು. ಕಾರಿನ ಬಾಗಿಲಿಗೆ ಒರಗಿ ಜಯಣ್ಣ ನಗುತ್ತಿದ್ದ. ಎದುರಿಗೆ ಟೀ ಲೋಟ ಹಿಡಿದು ನಿಂತಿದ್ದವಳು ಶಶಿರೇಖಾ.

ಚಿಕ್ಕಹನುಮಕ್ಕ ಮರೆಯಲ್ಲಿ ನಿಂತು ನೋಡಿದಳು. ಮುಂದಿನ ವಾರ ಹುಡುಗಿ ಬಂದ ಕೂಡಲೇ ನೇರವಾಗಿ ಕೇಳಿದಳು. "ಆ ಜಲ್ಲಿ ಜಯಣ್ಣ ನಿಂಗೇನಾಗ್ಬೇಕು?"

ಹುಡುಗಿ ಮುಚ್ಚಿಡಲಿಲ್ಲ. "ನಮ್ಮಮ್ಮನ ಕಡೇಲಿ ದೂರದ ಮಾವ ಆಗ್ಬೇಕಮ್ಮ. ಮದುವೆ ಮುಂಜೀಲಿ ನೋಡ್ತಿದ್ದೆ ಅಷ್ಟೇ. ಇಲ್ಲಿ ಯಾಕ್ ಓಡಾಡ್ತೀಯ ಅಂತ ಕೇಳುದ್ರು. ಕಾಲೇಜಿನ ಕೆಲಸ ಅಂದೆ."

"ಅಂಗಾ" ಅಂದಳು ಚಿಕ್ಕಹನುಮಕ್ಕ. ಆವತ್ತು ಊಟಕ್ಕೆ ಕರೆಯಲಿಲ್ಲ. ಹುಡುಗಿ ಜಗಲಿಯ ಮೇಲೆ ಕೂತು ತಾನು ತಂದಿದ್ದ ಬಿಸ್ಕತ್ತು ತಿಂದಳು. ಅವಳನ್ನು ಹಾಗೆ ಕೂರಿಸಿದ್ದಕ್ಕೆ ಚಿಕ್ಕಹನುಮಕ್ಕನಿಗೆ ಸಂಕಟವೂ ಆಯಿತು. ಸಂಕಟವಾದದ್ದಕ್ಕೆ ಸಿಟ್ಟೂ ಬಂತು.

ಆಮೇಲೆ ಎರಡು ವಾರಕ್ಕೆ, ಆಡು ಮೇಯಿಸಲು ಬೋರೆಯ ಕಡೆ ಹೋದ ಕದಿರಯ್ಯ ಓಡಿ ಬಂದ. "ಅತ್ಗೆ, ಬಾ ಇಲ್ಲಿ."

ಬೋರೆಯ ಅಡಿಯಲ್ಲಿ ಅಲ್ಲಲ್ಲಿ ಬಂಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ್ದರು. ಒಂದು ಗುರುತು ಅವಳ ಅತ್ತೆಯ ತಲೆಗಲ್ಲಿನ ಮೇಲೆಯೇ ಇತ್ತು. ಬಣ್ಣ ಹಚ್ಚಿದವನಿಗೆ ಅದು ಬರೀ ಕಲ್ಲು. ಚಿಕ್ಕಹನುಮಕ್ಕ ಸೆರಗಿನಿಂದ ಉಜ್ಜಿದಳು. ಬಣ್ಣ ಒಣಗಿತ್ತು, ಹೋಗಲಿಲ್ಲ.

"ನಾನ್ ಹೇಳ್ಲಿಲ್ವೇನ್ಲಾ!" ಎಂದು ಅವಳು ಕೂಗಿದಳು. "ಅವ್ಳೇ! ಮಾವುಂಗೆ ಹೋಗಿ ಹೇಳವ್ಳೆ. ನಮ್ಮನೇಲಿ ಉಂಡು ನಮ್ಗೇ ಗುಂಡಿ ತೋಡವ್ಳೆ."

ಕದಿರಯ್ಯ ವಿಚಾರಿಸಲು ಕೊರಟಗೆರೆಯ ತಾಲ್ಲೂಕು ಕಚೇರಿಗೆ ಹೋದ. ಮಧ್ಯಾಹ್ನ ಹೋದವನು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು ಜಗಲಿಯ ಮೇಲೆ ಕುಸಿದ. ಜಯಣ್ಣ ಈಚೆ ಮಗ್ಗುಲಿಗೆ ಅರ್ಜಿ ಹಾಕಿದ್ದು ನಿಜ. ತಕರಾರು ಇದ್ದವರು ಮಧುಗಿರಿಯ ಎ.ಸಿ. ಆಫೀಸಿನ ವಿಚಾರಣೆಗೆ ಬಂದು ಹೇಳಬೇಕಂತೆ. ಅರ್ಜಿಯ ಜೊತೆಗೆ ಅವನು ಕಾಲೇಜಿನವರು ಮಾಡಿದ ನಕ್ಷೆಯ ಫೋಟೋ ಇಟ್ಟಿದ್ದಾನೆ. ಕಾಲೋನಿಯವರೇ ಕೂತು ಬರೆಸಿದ ನಕ್ಷೆ, ಅವರ ಸ್ಮಶಾನ ಕೆರೆ ಕೋಡಿಯ ಹತ್ತಿರವಿದೆ, ಬೋರೆಯ ಅಡಿ ಖಾಲಿ ಜಾಗ ಅಂತ ಅವರ ಬಾಯಲ್ಲೇ ಬಂದಿದೆ ಎಂದು ಬರೆದಿದ್ದಾನೆ.

ಚಿಕ್ಕಹನುಮಕ್ಕ ಕೇಳಿಸಿಕೊಂಡಳು. ಅರ್ಥವಾಯಿತು. ಆದರೆ ಅರ್ಥವಾಗಿದ್ದನ್ನು ಒಪ್ಪಲು ಅವಳ ಮನಸ್ಸು ಸಿದ್ಧವಿರಲಿಲ್ಲ.

ಶನಿವಾರ ಕಾಲೇಜಿನವರು ಬಂದಾಗ ಕಾಲೋನಿಯ ಹೆಂಗಸರು ದಾರಿಗಡ್ಡವಾಗಿ ನಿಂತಿದ್ದರು. ಚಿಕ್ಕಹನುಮಕ್ಕ ಮುಂದೆ.

"ಅಲ್ಲೇ ನಿಂತ್ಕಳಿ ಮೇಡಮ್ಮಾರೆ. ನಮ್ ಊರಿನ ನಕ್ಷೆ ಆ ಜಯಣ್ಣನ ಕೈಗೆ ಹೆಂಗೋಯ್ತು?"

ಗಂಗಾಂಬಿಕಾ ಗಲಿಬಿಲಿಗೊಂಡಳು. ವಿಷಯ ತಿಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು. ಹೋದ ತಿಂಗಳು ಕಾಲೇಜಿನಲ್ಲಿ ಮಕ್ಕಳ ಕೆಲಸದ ಪ್ರದರ್ಶನ ಇಟ್ಟಿದ್ದರು. ಸುತ್ತಿನ ಊರುಗಳ ಪ್ರಮುಖರು ಬರಲಿ, ಅವರೂ ನೋಡಲಿ ಎಂದು ಎಲ್ಲರಿಗೂ ಕರೆ ಕಳಿಸಿದ್ದರು. ಜಯಣ್ಣನೂ ಬಂದಿದ್ದ. ಚಾರ್ಟಿನ ಮೇಲೆ ಬಿಡಿಸಿದ್ದ ನಕ್ಷೆಯ ಮುಂದೆ ತುಂಬ ಹೊತ್ತು ನಿಂತಿದ್ದ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದ, ಮಕ್ಕಳನ್ನು ಹೊಗಳಿದ್ದ.

"ಅವ್ನ ಕರ್ದ್ರಿ. ನಮ್ಮನ್ನ ಕರುದ್ರಾ?" ಎಂದಳು ಚಿಕ್ಕಹನುಮಕ್ಕ.

ಗಂಗಾಂಬಿಕಾ ತಲೆ ತಗ್ಗಿಸಿದಳು. "ಇಲ್ಲ. ಅದು ತಪ್ಪು. ನನಗೆ ಹೊಳೀಲೇ ಇಲ್ಲ."

"ಇವ್ಳಿಗೆ ಹೊಳುದಿತ್ತಲ್ಲ!" ಚಿಕ್ಕಹನುಮಕ್ಕ ಶಶಿರೇಖಾಳ ಕಡೆ ಕೈ ತೋರಿಸಿದಳು. "ಮಾವನ ಕಾರ್ತಾವ ಟೀ ಕುಡ್ಕಂಡು ನಿಂತಿದ್ಲಲ್ಲ, ಇವ್ಳೇ ಕೊಟ್ಟಿರಾದು."

ಹುಡುಗಿಯ ಕಣ್ಣು ತುಂಬಿದವು. ಆದರೆ ದನಿ ಗಟ್ಟಿಯಾಗಿಯೇ ಬಂತು. "ನಾನು ಅವ್ರಿಗೆ ಏನೂ ಹೇಳಿಲ್ಲಮ್ಮ. ಹೇಳಿದ್ರೂ ಏನ್ ಹೇಳ್ತಿದ್ದೆ? ನೀವು ಕೋಡಿ ಕಡೆ ಅಂದ್ರಿ, ಬೂದಿ ಸುರಿದೆ. ಖಾಲಿ ಜಾಗ ಅಂದ್ರಿ, ಖಾಲಿ ಬಿಟ್ಟೆ. ನೀವು ಹೇಳಿದ್ದೇ ಬರೆದ್ವಿ ಕದಮ್ಮ!"

ಅಡ್ಡ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದಿರಯ್ಯ ನೆಲ ನೋಡುತ್ತಿದ್ದ. ಇಷ್ಟು ದಿನ ಚಿಕ್ಕಹನುಮಕ್ಕ ಕಾವಲಿದ್ದದ್ದು ತನ್ನ ಬಾಯಿಯಿಂದ ನಿಜ ಹೊರಗೆ ಬೀಳದಂತೆ. ಸುಳ್ಳಿಗೆ ಕಾಲು ಬಂದು ಅದು ಮಧುಗಿರಿಯವರೆಗೆ ನಡೆದುಹೋಗುತ್ತದೆ ಅಂತ ಅವಳಿಗೆ ಅನ್ನಿಸಿರಲಿಲ್ಲ. ಗಂಡನ ಗೋರಿಯ ಮೇಲೆ 'ಖಾಲಿ' ಎಂದು ಬರೆಸಿದವಳು ಅವಳೇ.

ಅವಳು ತಿರುಗಿ ಮನೆಗೆ ಹೋದಳು. ಒಲೆಯ ಮುಂದೆ ಕೂತಳು. ಹೊರಗೆ ಕದಿರಯ್ಯ ಮೇಡಂ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಗಂಗಾಂಬಿಕಾ, ತನ್ನದು ಶಿರಾ ತಾಲ್ಲೂಕಿನ ಮದಲೂರು, ತನ್ನ ತಾತನೂ ಇಂಥದೇ ಕಾಲೋನಿಯಲ್ಲಿ ಇದ್ದವನು, ಅವನನ್ನು ಮಣ್ಣು ಮಾಡಲು ಹೊತ್ತುಕೊಂಡು ಹೋದಾಗ ಹೊಲದವರು ದಾರಿ ಬಿಡಲಿಲ್ಲವೆಂದು ಮನೆಯವರು ಹೊತ್ತು ಮುಳುಗುವವರೆಗೂ ಹೆಣ ಇಳಿಸಿಕೊಂಡು ಕೂತಿದ್ದರು ಎಂದು ಹೇಳುತ್ತಿದ್ದಳು. ನಿಜವಿರಬಹುದು. ನಮ್ಮನ್ನು ಒಲಿಸಿಕೊಳ್ಳಲು ಹೇಳುತ್ತಿರಲೂಬಹುದು. ಯಾವುದೆಂದು ತಿಳಿಯುವುದು ಹೇಗೆ? ಎಷ್ಟು ಯೋಚಿಸಿದರೂ ದಾರಿ ಕಾಣಲಿಲ್ಲ. ತಿಳಿಯುವವರೆಗೂ ಕಾಯುತ್ತಾ ಕೂತರೆ ಜಯಣ್ಣನ ಬಂಡೆ ಸಿಡಿಸುವ ಮದ್ದು ಕಾಯುವುದಿಲ್ಲ ಅನ್ನುವುದೊಂದು ಮಾತ್ರ ಖಚಿತವಾಗಿ ಗೊತ್ತಿತ್ತು.

ಅವಳು ಎದ್ದು ಹೊರಗೆ ಬಂದಳು. "ಬರ್ರಿ" ಅಂದಳು. "ಫೋನು ಗೀನು ತೆಗೀಬ್ಯಾಡಿ. ಮೊದ್ಲು ಬಂದು ನೋಡಿ."

ಬೋರೆಯ ಅಡಿಗೆ ಎಲ್ಲರೂ ಹೋದರು. ಚಪ್ಪಲಿಗಳನ್ನು ಕಳ್ಳಿಯ ಆಚೆಯೇ ಬಿಡಿ ಎಂದು ಅವಳು ಹೇಳುವ ಮೊದಲೇ ಶಶಿರೇಖಾ ಬಿಟ್ಟಿದ್ದಳು. ಕಾಲೋನಿಯ ಮುದುಕರು ಒಂದೊಂದು ಕಲ್ಲಿನ ಹತ್ತಿರ ನಿಂತು ಹೆಸರು ಹೇಳತೊಡಗಿದರು. ಇವನು ಚಿಕ್ಕನರಸಯ್ಯ, ತಮಟೆ ಬಡಿಯೋದು ಬಿಟ್ಟವರಲ್ಲಿ ಮೊದಲನೆಯವನು. ಇವಳು ಜಗದಾಂಬ, ಬಾಣಂತಿಯಾಗಿದ್ದಾಗ ಹೋದಳು. ಕೆಲವು ಕಲ್ಲುಗಳ ಬಳಿ ಇಬ್ಬರು ಮುದುಕರಿಗೆ ಜಗಳವೇ ಹತ್ತಿತು. ಒಬ್ಬ ಇದು ನಮ್ಮ ದೊಡ್ಡಪ್ಪ ಅಂದರೆ ಇನ್ನೊಬ್ಬ ಅಲ್ಲ, ನಮ್ಮ ಸೋದರತ್ತೆ ಅಂದ. ಕೆಲವಕ್ಕೆ ಯಾರ ನೆನಪಿನಲ್ಲೂ ಹೆಸರಿರಲಿಲ್ಲ. ಚಿಕ್ಕಹನುಮಕ್ಕ ಗಂಡನ ಕಲ್ಲಿನ ಹತ್ತಿರ ಬಂದಾಗ ಹೆಸರು ಹೇಳಲಿಲ್ಲ. ಸುಮ್ಮನೆ ಅಂಗೈ ಇಟ್ಟಳು. ಶಶಿರೇಖಾಳೂ ಕೇಳಲಿಲ್ಲ.

ಹಿಂದಿರುಗುವಾಗ ಗಂಗಾಂಬಿಕಾ ಕೇಳಿದಳು. "ಇದನ್ನ ಬರೆದುಕೊಳ್ಳಬಹುದಾ ಅಮ್ಮ?"

"ಬರ್ಕಳಿ. ನಮ್ ಮುಂದೆ ಬರ್ಕಳಿ. ಬರ್ದಿದ್ನ ನಮ್ಗೆ ಓದಿ ಹೇಳಿ. ನಾವು ಊ ಅನ್ನೋಗಂಟ ಯಾರ ಕಣ್ಣಿಗೂ ಬೀಳ್ಕೂಡ್ದು."

ವಿಚಾರಣೆಯ ದಿನ ಕದಿರಯ್ಯ, ಚಿಕ್ಕಹನುಮಕ್ಕ ಮತ್ತು ನಾಲ್ಕಾರು ಜನ ಬೆಳಗಿನ ಬಸ್ಸಿಗೇ ಮಧುಗಿರಿಗೆ ಹೋದರು. ಊರ ಮೇಲಿನ ಬೆಟ್ಟದ ಬಂಡೆ ಆಗಲೇ ಬಿಸಿಲಿಗೆ ಕಾಯತೊಡಗಿತ್ತು. ಆಫೀಸಿನ ಮುಂದೆ ಜಯಣ್ಣ, ಅವನ ವಕೀಲರು, ಇನ್ನಿಬ್ಬರು. ಕಾಲೇಜಿನವರು ಕಾಣಲಿಲ್ಲ. 'ಬರಲ್ಲ ಅವ್ರು' ಎಂದು ಚಿಕ್ಕಹನುಮಕ್ಕ ಮನಸ್ಸಿನಲ್ಲೇ ಹೇಳಿಕೊಂಡಳು. ಬಾರದಿದ್ದರೇ ಒಂದು ನಮೂನೆ ಸಮಾಧಾನ, ತನ್ನ ಲೆಕ್ಕ ತಪ್ಪಲಿಲ್ಲವಲ್ಲ ಎಂದು. ಆದರೆ ಹೆಸರು ಕೂಗುವ ಹೊತ್ತಿಗೆ ಗಂಗಾಂಬಿಕಾ ಏದುಸಿರು ಬಿಡುತ್ತಾ ಬಂದಳು, ಜೊತೆಗೆ ಶಶಿರೇಖಾ. ಕಾಲೇಜನ್ನು ಇಂಥ ವ್ಯಾಜ್ಯಕ್ಕೆಲ್ಲ ಎಳೆಯಬೇಡಿ ಎಂದು ಪ್ರಾಂಶುಪಾಲರು ಹೇಳಿದ್ದರಂತೆ. ಮೇಡಂ ರಜೆ ಹಾಕಿ ಬಂದಿದ್ದಳು.

ಜಯಣ್ಣನ ವಕೀಲರು ಫೋಟೋ ಮುಂದಿಟ್ಟರು. "ಇದು ನಾವು ಮಾಡಿದ್ದಲ್ಲ ಸರ್. ಕಾಲೇಜಿನವರ ಅಧ್ಯಯನ. ಅರ್ಜಿ ವಿಷಯ ತಿಳಿದ ಮೇಲೆ ಈಗ ಸ್ಮಶಾನ ಅಂತಿದಾರೆ."

ಅಧಿಕಾರಿ ಫೋಟೋ ನೋಡಿ ತಲೆಯೆತ್ತಿದರು. "ಇದರಲ್ಲಿ ಕೋಡಿ ಹತ್ತಿರ ಅಂತ ಹೇಳಿದವರು ಯಾರು?"

"ನಾನೇ ಸ್ವಾಮಿ" ಎಂದಳು ಚಿಕ್ಕಹನುಮಕ್ಕ. "ಸುಳ್ಳು ಹೇಳ್ದೆ."

"ಯಾಕೆ?"

"ನಿಜ ಹೇಳಿದ್ರೆ ಕಿತ್ಕೊಂತಾರೆ ಅಂತ ಭಯ."

"ಆವಾಗ ಸುಳ್ಳು ಹೇಳಿದೆ ಅಂತೀರಿ. ಈಗ ಹೇಳ್ತಿರೋದು ನಿಜ ಅಂತ ನಾನು ಹೆಂಗೆ ನಂಬಲಿ?"

"ನಂಬಬ್ಯಾಡಿ ಸ್ವಾಮಿ. ನಾನೂ ಯಾರ್ನೂ ನಂಬಾಕಿಲ್ಲ. ಬಂದ್ ನೋಡಿ. ಮಣ್ಣು ಸುಳ್ಳೇಳಾಕಿಲ್ಲ."

ವಕೀಲರು ನಕ್ಕರು. ಆಗ ಹಿಂದಿನಿಂದ ಶಶಿರೇಖಾ ಎದ್ದು ನಿಂತಳು. "ಸರ್, ಆ ನಕ್ಷೆ ಮಾಡಿದೋಳು ನಾನು."

"ಏಯ್, ಶಶಿ" ಎಂದ ಜಯಣ್ಣ ಮೆಲ್ಲಗೆ. ಗದರಿಕೆಯಿರಲಿಲ್ಲ ಆ ದನಿಯಲ್ಲಿ. ಮನೆಯ ಮಗುವನ್ನು ಕರೆಯುವ ಹಾಗಿತ್ತು.

ಹುಡುಗಿ ಅವನ ಕಡೆ ಒಂದು ಸಲ ನೋಡಿದಳು. ಚಿಕ್ಕಹನುಮಕ್ಕ ಇಬ್ಬರ ಮುಖವನ್ನೂ ನೋಡಿದಳು. ಈಗ ಏನಾದರೂ ಆಗಬಹುದು. ರಕ್ತ ರಕ್ತವನ್ನೇ ಎಳೆಯುತ್ತದೆ.

"ನಾವು ಒಂದೇ ಮಧ್ಯಾಹ್ನ ಕೂತು ಬರೆದ್ವಿ ಸರ್" ಎಂದಳು ಹುಡುಗಿ. "ಕೋಡಿ ಕಡೆಗೂ ಹೋಗಿ ನೋಡ್ಲಿಲ್ಲ, ಬೋರೆ ಕಡೆಗೂ ಕಾಲಿಡ್ಲಿಲ್ಲ. ಅವರು ಯಾಕೆ ಹಂಗಂದ್ರು ಅಂತ ಯೋಚನೆ ಮಾಡ್ಲಿಲ್ಲ. ನೋಡದೇ ಬರೆದಿದ್ದನ್ನ ಅಧ್ಯಯನ ಅನ್ನಕ್ಕಾಗಲ್ಲ. ಆಮೇಲೆ ನೋಡಿದೀನಿ. ಅಲ್ಲಿ ಗೋರಿಗಳಿದಾವೆ. ಹೋದ ವರ್ಷದ ಮಣ್ಣು ಇನ್ನೂ ದಿಬ್ಬದ ಹಂಗೇ ಇದೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಸ್ಥಳಕ್ಕೆ ಬಂದು ನೋಡ್ತೀನಿ" ಅಂದರು.

ಬರುತ್ತಾರೆಂದು ಚಿಕ್ಕಹನುಮಕ್ಕ ನಂಬಲಿಲ್ಲ. ಬಂದರು. ಸರ್ವೆಯವರನ್ನೂ ಕರೆತಂದು, ಬಿಸಿಲಲ್ಲಿ ಕಳ್ಳಿಯ ನಡುವೆ ಓಡಾಡಿದರು. ಅತ್ತೆಯ ತಲೆಗಲ್ಲಿನ ಮೇಲಿನ ಕೆಂಪು ಬಣ್ಣದ ಮುಂದೆ ನಿಂತು ಜಯಣ್ಣನ ಕಡೆಯವನನ್ನು, "ಇದನ್ನ ಹಚ್ಚುವಾಗ ಗೋರಿಗಳ ಸಾಲು ಕಾಣಲಿಲ್ಲವೇನ್ರೀ?" ಎಂದು ಕೇಳಿದರು. ಯುಗಾದಿ ಕಳೆದ ಮೇಲೆ ಆದೇಶ ಬಂತು. ಆ ಜಾಗವನ್ನು ಜಯಣ್ಣನ ಅರ್ಜಿಯಿಂದ ಬಿಟ್ಟು, ಕಾಲೋನಿಯ ಸ್ಮಶಾನವೆಂದು ದಾಖಲಿಸಬೇಕು ಎಂದಿತ್ತು. ಸರ್ವೆಯವರು ಬಂದು ನಾಲ್ಕೂ ಮೂಲೆಗೆ ಕಲ್ಲು ನೆಟ್ಟರು. ಎಲ್ಲವೂ ದಕ್ಕಲಿಲ್ಲ. ತುಸು ಮೇಲಿನ ಬಂಡೆಯ ಪಟ್ಟಿ ಜಯಣ್ಣನಿಗೇ ಉಳಿಯಿತು. ಅಲ್ಲಿ ಮದ್ದು ಸಿಡಿದಾಗ ಕಾಲೋನಿಯ ಪಾತ್ರೆಗಳು ಈಗಲೂ ಅಲುಗುತ್ತವೆ.

ಕೋರ್ಸು ಮುಗಿಯಿತು. ಪರೀಕ್ಷೆ ಬಂತು, ಹುಡುಗರು ಬರುವುದು ನಿಂತಿತು. ಕೊನೆಯ ದಿನ ಮೇಡಂ ಶಾಲು ತಂದಿದ್ದಳು. ಚಿಕ್ಕಹನುಮಕ್ಕ ಹೊದೆಸಿಕೊಳ್ಳಲಿಲ್ಲ. "ಮುಂದಿನ ವರ್ಷ ಬರೋ ಮಕ್ಳಿಗೆ ಮೊದ್ಲು ನಿಮ್ಮ ತಾತನ ಕತೆ ಹೇಳ್ರಿ, ಆಮೇಲೆ ಕರ್ಕಂಬನ್ನಿ" ಅಂದಳು. ಮದಲೂರಿನ ಮಾತು ನಿಜವೋ ಅಲ್ಲವೋ ಅವಳು ಯಾರಲ್ಲೂ ವಿಚಾರಿಸಿರಲಿಲ್ಲ. ತಾನು ಆ ಮಾತೆತ್ತಿದಾಗ ಗಂಗಾಂಬಿಕಾ ಕಣ್ಣು ಬೇರೆ ಕಡೆ ತಿರುಗಿಸುತ್ತಾಳೇನೋ ಎಂದು ಮಾತ್ರ ನೋಡಿದಳು. ತಿರುಗಿಸಲಿಲ್ಲ.

ಬೇಸಿಗೆಯ ಒಂದು ಮಂಗಳವಾರ, ಚಿಕ್ಕಹನುಮಕ್ಕ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಾಗ ಶಶಿರೇಖಾ ಒಬ್ಬಳೇ ಬಂದಳು. ಕೊರಳಲ್ಲಿ ಗುರುತಿನ ಚೀಟಿಯಿರಲಿಲ್ಲ.

"ಏನ್ ಬಂದೆ?" ಎಂದಳು ಚಿಕ್ಕಹನುಮಕ್ಕ.

"ಸುಮ್ನೆ ಬಂದೆ."

ಸುಮ್ಮನೆ ಯಾರು ಬರುತ್ತಾರೆ, ಅಷ್ಟು ದೂರದಿಂದ, ಆ ಬಿಸಿಲಲ್ಲಿ? ಪರೀಕ್ಷೆ ಮುಗಿದಿದೆ, ಮಾರ್ಕ್ಸು ಬಂದಾಗಿದೆ. ಮಾವ ಕಳಿಸಿರಬಹುದೇ, ಏನಾದರೂ ರಾಜಿಗೆ? ಹುಡುಗಿ ಜಗಲಿಯ ಮೇಲೆ ಕೂತು ಒಂದು ಕೋಲು ತೆಗೆದುಕೊಂಡು ತಾನೂ ಕುಟ್ಟತೊಡಗಿದಳು. ಬೀಜ ಸಿಡಿದು ಅಂಗಳಕ್ಕೆ ಹಾರುತ್ತಿತ್ತು. ಚಿಕ್ಕಹನುಮಕ್ಕ ಕಾದಳು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ.

"ಮನೇಲಿ ಏನಂದ್ರು?" ಎಂದು ಕೊನೆಗೆ ಅವಳೇ ಕೇಳಿದಳು.

"ಅಮ್ಮಂಗೆ ತವರಲ್ಲಿ ಬೈದ್ರಂತೆ. ಮಾವ ಮಾತಾಡ್ಸಲ್ಲ. ಅವ್ರ ತಂಗಿ ಮದುವೆಗೆ ನಮ್ಮನ್ನ ಕರೀಲಿಲ್ಲ." ಹುಡುಗಿ ಅಂಗೈಗೆ ಅಂಟಿದ ಹಣ್ಣು ಬಿಡಿಸಿಕೊಂಡಳು. "ಹೋಗ್ಲಿ ಬುಡಮ್ಮ."

ಚಿಕ್ಕಹನುಮಕ್ಕ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಇಬ್ಬರೂ ಉಂಡರು. ಉಂಡ ಮೇಲೆ ಮತ್ತೆ ಕೂತು ಕುಟ್ಟಿದರು. ಹೊತ್ತು ಇಳಿಯಿತು. ಹುಡುಗಿ ಎದ್ದು ಕೈ ತೊಳೆದುಕೊಂಡು, ಬಸ್ಸಿಗೆ ಹೊತ್ತಾಯ್ತು, ಬರ್ತೀನಮ್ಮ ಎಂದು ಹೊರಟಳು.

ಅವಳು ಬದುಗಳ ಮೇಲೆ ಮರೆಯಾಗುವವರೆಗೂ ಚಿಕ್ಕಹನುಮಕ್ಕ ನೋಡುತ್ತಾ ನಿಂತಿದ್ದಳು. ಬೆಳಗಿನಿಂದ ಆಡಿದ ಮಾತನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿದಳು. ಹುಡುಗಿ ಏನನ್ನೂ ಕೇಳಿರಲಿಲ್ಲ, ಏನನ್ನೂ ಒಯ್ದಿರಲಿಲ್ಲ. ಇದರಲ್ಲಿ ಏನೋ ಇರಲೇಬೇಕು ಎಂದುಕೊಂಡಳು. ಮತ್ತೆ ಯೋಚಿಸಿದಳು. ಆಮೇಲೆ ಕುಟ್ಟಿದ ಹಣ್ಣಿನಲ್ಲಿ ಒಳ್ಳೆಯದನ್ನು ಆರಿಸಿ, ಉಪ್ಪು ಬೆರೆಸಿ, ಒಂದು ಉಂಡೆ ಬೇರೆಯಾಗಿ ಕಟ್ಟಿ ಅಟ್ಟದ ಮೇಲಿಟ್ಟಳು. ಹಾಸ್ಟೆಲ್ ಸಾರಿನಲ್ಲಿ ಹುಳಿಯೇ ಇರುವುದಿಲ್ಲ ಎಂದು ಹುಡುಗಿ ಊಟದ ಹೊತ್ತಿನಲ್ಲಿ ಅಂದಿದ್ದಳು.